ಕೌದಿಗೆ ನಾನು ಬೆಲೆ ಕಟ್ಟಲು ಕಲಿತದ್ದು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಮಧ್ಯಾಹ್ನ ರೊಟ್ಟಿ ಬಡಿಯುವುದು ಮುಗಿದ ಮೇಲೆ ಚಾಪೆ ಹಾಸಿಕೊಂಡು ಕೌದಿ ಹೊಲಿಯುವುದು ನನಗೆ ಅವ್ವನಿಂದ ಬಂದ ರೂಢಿ. ಹಳೆ ಧೋತರ, ಇಳಕಲ್ ಸೀರೆ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುವುದು. ಮನೆಯ ಟ್ರಂಕು ತುಂಬಿದವು, ನೆಂಟರ ಮನೆಗೂ ಹೋದವು. ರೊಕ್ಕದ ವಿಚಾರ ಎಂದೂ ಬಂದಿರಲಿಲ್ಲ.

ಓಣಿಯ ಒಬ್ಬರು ಬಾಣಂತನಕ್ಕೆ ಬಂದ ಮಗಳಿಗಾಗಿ ಕೇಳಿದರು: “ಅಕ್ಕಾರ, ಕೂಸಿಗೊಂದು ಸಣ್ಣ ಕೌದಿ ಹೊಲದು ಕೊಡ್ರಿ. ಎಷ್ಟು ಕೊಡ್ಲಿ?” ನನಗೆ ಬಾಯಿ ಬರಲಿಲ್ಲ. “ನಿಮಗ ತಿಳಿದಷ್ಟು ಕೊಡ್ರಿ” ಅಂದೆ. 600 ರೂಪಾಯಿ ಕೊಟ್ಟರು. ಅದೇ ದರ ನಿಂತುಬಿಟ್ಟಿತು. ಒಂಬತ್ತು ಕೌದಿ ಅದೇ ದರಕ್ಕೆ ಕೊಟ್ಟೆ.

ಹತ್ತನೆಯದಕ್ಕೆ ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಕೂತ ಹೊತ್ತು, ಎದ್ದ ಹೊತ್ತು ಬರೆಯುತ್ತ ಹೋದೆ. ಎರಡು ಮೊಳ ಅಗಲ, ಎರಡೂವರೆ ಮೊಳ ಉದ್ದದ ಕೌದಿಗೆ 22 ತಾಸು ಹಿಡಿದಿತ್ತು. ಬಟ್ಟೆಗೆ 280, ದಾರಕ್ಕೆ 60. ಉಳಿದದ್ದು 260 ರೂಪಾಯಿ. ತಾಸಿಗೆ 12 ರೂಪಾಯಿಯೂ ಬಿದ್ದಿರಲಿಲ್ಲ. ಆ ಲೆಕ್ಕ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ತಾಸಿಗೆ 50 ಹಿಡಿದೆ, ಬಟ್ಟೆ ದಾರ ಕೂಡಿಸಿದೆ, ಸವೆಯುವ ಸೂಜಿ, ಚೀಲಕ್ಕೆಂದು 60 ಸೇರಿಸಿದೆ. 1,500 ಆಯಿತು. ಅಂಚೆ ಖರ್ಚು ಬೇರೆ. ಹಳಬರಲ್ಲಿ ಕೆಲವರು ಬಿಟ್ಟುಹೋದರು, ನಿಜ. ಉಳಿದವರು ಮಾತ್ರ ಕೌದಿಯನ್ನು ತಿರುಗಿಸಿ ಹಿಂಬದಿಯ ಹೊಲಿಗೆ ನೋಡುವವರು. ನನಗೆ ಬೇಕಾದದ್ದೂ ಅಂಥವರೇ.

ಹಾಸಿಗೆ ಅಳತೆಯ ಕೌದಿ ಕೈ ಬಿಟ್ಟೆ. ಒಂದಕ್ಕೇ ತಿಂಗಳ ಮೇಲಾಗುತ್ತದೆ, ರೊಕ್ಕ ಅಲ್ಲಿಯವರೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೂಸಿನ ಕೌದಿಗೆ ಬೇರೆಯದೇ ಎಚ್ಚರ ಬೇಕು. ಗಂಟು ಮೇಲೆ ಉಳಿಯಬಾರದು. ಸೂಜಿಯನ್ನು ಪದರಗಳ ನಡುವೆ ಒಂದು ಬೆರಳಷ್ಟು ಓಡಿಸಿ ಗಂಟನ್ನು ಒಳಗೆ ಎಳೆದುಕೊಳ್ಳುತ್ತೇನೆ, ‘ಟಕ್’ ಎಂದು ಸಣ್ಣ ಸದ್ದಾಗಿ ಅದು ಒಳಗೆ ಕೂರುತ್ತದೆ. ಕನ್ನಡಿ, ಮಣಿ ಹಚ್ಚುವುದಿಲ್ಲ. ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ. ನಾಲ್ಕು ಮೂಲೆಗೆ ಗುಳೇದಗುಡ್ಡ ಖಣದ ಮುಕ್ಕೋನದ ತುಂಡು. ಜಂಪರ್ ಹೊಲಿಯುವ ಟೇಲರ್ ಹತ್ತಿರ ಚೂರು ಉಳಿದಿರುತ್ತವೆ, ಕೇಳಿ ತರುತ್ತೇನೆ.

ಒಂದು ಪೆಟ್ಟು ತಿಂದದ್ದನ್ನೂ ಹೇಳಬೇಕು. ಹೊಸ ಕೆಂಪು ಬಟ್ಟೆಯನ್ನು ಒಗೆಯದೆ ಬಿಳಿ ಧೋತರದ ಮೇಲೆ ಕೂಡಿಸಿ ಧಾರವಾಡಕ್ಕೆ ಕಳಿಸಿದ್ದೆ. ಮೊದಲ ಒಗೆತಕ್ಕೇ ಇಡೀ ಕೌದಿ ಗುಲಾಬಿ. ಅವರು ಕಳಿಸಿದ ಫೋಟೊ ನೋಡಿ ರಾತ್ರಿ ನಿದ್ದೆ ಹತ್ತಲಿಲ್ಲ. ರೊಕ್ಕ ಪೂರ್ತಿ ತಿರುಗಿ ಕೊಟ್ಟೆ. ಈಗ ಪ್ರತಿ ಬಟ್ಟೆಯನ್ನೂ ನೆನೆಸಿ, ಒದ್ದೆಯಿದ್ದಾಗಲೇ ಬಿಳಿ ಅರಿವೆಯಿಂದ ಒತ್ತಿ ತಿಕ್ಕಿ ನೋಡುತ್ತೇನೆ. ಚೂರು ಬಣ್ಣ ಹತ್ತಿದರೂ ಆ ಬಟ್ಟೆ ಪಕ್ಕಕ್ಕೆ.

ಕಾಗದಪತ್ರ ಅಂಥ ಭಾರವೇನಲ್ಲ. ಸಣ್ಣ ಉದ್ಯಮ ಎಂದು ಹೆಸರು ಬರೆಸುವ ಉದ್ಯಮ್ ನೋಂದಣಿ ಸರಕಾರದ ಪೋರ್ಟಲ್ಲಿನಲ್ಲಿ ಆಧಾರ್ ಇಟ್ಟುಕೊಂಡು ಮಾಡಿದರೆ ಒಂದು ಪೈಸೆಯೂ ಇಲ್ಲ. ಮಾಡಿಸಿಕೊಡುತ್ತೇನೆಂದು ಒಬ್ಬರು ನನ್ನಿಂದ 1,500 ಕೇಳಿದ್ದರು, ಕೊಡಲಿಲ್ಲ. ವಸ್ತು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ, ರಾಜ್ಯದೊಳಗೇ ಮಾರಿದರೆ, ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ವ್ಯಾಪಾರದ ರೊಕ್ಕಕ್ಕೆ ಬೇರೆ ಖಾತೆ ಮಾತ್ರ ಮೊದಲ ದಿನವೇ ತೆಗೆಯಿರಿ. ಕಿರಾಣಿ ಲೆಕ್ಕದೊಳಗೆ ಕೌದಿಯ ರೊಕ್ಕ ಕರಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಈಗ ಓಣಿಯ ಇಬ್ಬರು ನನ್ನ ಜೊತೆ ಹೊಲಿಯುತ್ತಾರೆ. ಮೊದಮೊದಲು ಒಂದೇ ಕೌದಿಗೆ ಮೂವರೂ ಕೂತಿದ್ದೆವು. ಒಬ್ಬರ ಹೊಲಿಗೆ ಅಕ್ಕಿಕಾಳಿನಷ್ಟು, ಇನ್ನೊಬ್ಬರದು ಗೋದಿಯಷ್ಟು. ಸಾಲು ಮುಂದೆ ಹೋದಂತೆ ಬಟ್ಟೆ ಒಂದು ಕಡೆ ಸೆಳೆದು ಮೂಲೆ ಎದ್ದು ನಿಂತಿತು. ಅದನ್ನು ಪೂರ್ತಿ ಬಿಚ್ಚಿದೆವು. ಅಂದಿನಿಂದ ಒಂದು ಕೌದಿಗೆ ಒಂದೇ ಕೈ. ಮೂಲೆಯ ಖಣದ ಒಳಬದಿಗೆ ಹೊಲಿದವರ ಹೆಸರಿನ ಮೊದಲ ಅಕ್ಷರ ಹಾಕುತ್ತೇವೆ.