ಧನುರ್ಮಾಸದಲ್ಲಿ ಎರಡು ದಿನ: ನಿಮ್ಮ ಜಿಲ್ಲೆಯಲ್ಲೇ ಛಾಯಾಗ್ರಾಹಕರ ಕೂಟ ಮಾಡುವುದು ಹೇಗೆ

ಜಿಲ್ಲೆಯ ಛಾಯಾಗ್ರಾಹಕರನ್ನೂ ಫೋಟೊಗ್ರಫಿ ಕಲಿಸುವ ಮೇಷ್ಟ್ರುಗಳನ್ನೂ ಎರಡು ದಿನ ಒಟ್ಟಿಗೆ ಕೂರಿಸಬೇಕು ಅಂತ ಆಸೆ ಇದೆಯಾ? ಹಾಗಿದ್ದರೆ ಮೊದಲು ಪಂಚಾಂಗ ತೆಗೆಯಿರಿ. ನಮ್ಮ ಊರುಗಳಲ್ಲಿ ಕ್ಯಾಮೆರಾ ಹಿಡಿದು ಸಂಸಾರ ನಡೆಸುವವರಲ್ಲಿ ಜಾಸ್ತಿ ಜನ ಮದುವೆ ಫೋಟೊ ತೆಗೆಯುವವರು. ಒಳ್ಳೆಯ ಮುಹೂರ್ತ ಇರುವ ಭಾನುವಾರ ಕರೆದರೆ ಅವರು ಬರುವುದಿಲ್ಲ, ಬರಬೇಕು ಅಂತ ಕೇಳುವುದೂ ತಪ್ಪು. ಆಗಸ್ಟ್ 19ರ ಛಾಯಾಗ್ರಹಣ ದಿನವೇ ಆಗಬೇಕು ಅಂತ ಅನೇಕರು ಹಟ ಹಿಡಿಯುತ್ತಾರೆ. 1839ರಲ್ಲಿ ಅದೇ ದಿನ ಪ್ಯಾರಿಸ್‌ನಲ್ಲಿ ಬೆಳ್ಳಿ ಲೇಪದ ತಗಡಿನ ಮೇಲೆ ಫೋಟೊ ಮೂಡಿಸುವ ಡಾಗೆರೊಟೈಪ್ ವಿಧಾನವನ್ನು ಜಗತ್ತಿಗೆ ತಿಳಿಸಿದರು, ದಿನ ದೊಡ್ಡದೇ. ಆದರೆ ನಮ್ಮಲ್ಲಿ ಅದು ಬಹಳ ಸಲ ಶ್ರಾವಣದಲ್ಲಿ ಬೀಳುತ್ತದೆ. ಮದುವೆಗಳೂ ಇರುತ್ತವೆ, ಮಳೆಯೂ ಇರುತ್ತದೆ.

ಆಷಾಢದಲ್ಲಿ ಮದುವೆ ಇಲ್ಲ, ಆದರೆ ಮಲೆನಾಡಿನ ಕಡೆ ಬಿಸಿಲೂ ಇಲ್ಲ. ನನ್ನ ಪ್ರಕಾರ ಧನುರ್ಮಾಸವೇ ಸರಿ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ. ಆಗ ಫೋಟೊಗ್ರಾಫರ್‌ಗಳೂ ಬಿಡುವಾಗಿರುತ್ತಾರೆ, ಕಲ್ಯಾಣ ಮಂಟಪಗಳೂ ಖಾಲಿ ಇರುತ್ತವೆ. ಬಾಡಿಗೆ ಇಳಿಸಿ ಅಂತ ಮಾಲೀಕರನ್ನು ಧೈರ್ಯವಾಗಿ ಕೇಳಬಹುದು. ಊಟದ ಹಾಲ್, ಉಳಿಯಲು ರೂಮು, ನೀರು, ಕರೆಂಟ್ ಎಲ್ಲ ಒಂದೇ ಕಡೆ ಸಿಗುತ್ತದೆ.

ಜನ ಎಷ್ಟಿರಬೇಕು? ಐವತ್ತು ಸಾಕು. ನೂರೈವತ್ತು ಜನ ಸೇರಿದರೆ ಅದು ಸಭೆಯಾಗುತ್ತದೆ, ಯಾರೂ ಯಾರ ಫೋಟೊವನ್ನೂ ನೋಡುವುದಿಲ್ಲ. ಆ ಐವತ್ತರಲ್ಲಿ ಸ್ಟುಡಿಯೊದವರು, ಪತ್ರಿಕೆಯವರು, ಕಾಡು ಸುತ್ತುವವರು, ಕಾಲೇಜಿನಲ್ಲಿ ಕಲಿಸುವವರು, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಕಲಿಯುತ್ತಿರುವ ಹುಡುಗ ಹುಡುಗಿಯರು ಎಲ್ಲರೂ ಬೆರೆತಿರಲಿ. ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಮೈಸೂರಿನ ಕಾವಾ ಎಂಬ ದೃಶ್ಯಕಲಾ ಕಾಲೇಜಿನಲ್ಲಿ ಛಾಯಾಗ್ರಹಣ ಕಲಿಸುತ್ತಾರೆ. ಅಂಥ ಕಡೆಗೆ ಒಂದು ಪತ್ರ ಬರೆಯಿರಿ, ಇಬ್ಬರೋ ಮೂವರೋ ಬಂದರೂ ಲಾಭವೇ.

ಈಗ ಮುಖ್ಯ ವಿಷಯ. ಇಡೀ ಕೂಟದ ಜೀವ ಇರುವುದು ಪ್ರಿಂಟ್ ಇಡುವ ಮೇಜಿನಲ್ಲಿ, ಅಂದರೆ ಬಂದವರು ತಮ್ಮ ಚಿತ್ರಗಳನ್ನು ಹರಡಿ ಹಿರಿಯರಿಗೆ ತೋರಿಸಿ ಅಭಿಪ್ರಾಯ ಕೇಳುವ ಜಾಗದಲ್ಲಿ. ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ. ನಾವು ಮೊದಲ ಸಲ ಕೂಟ ಮಾಡಿದಾಗ ಉದ್ಘಾಟನೆ, ಹಾರ, ಶಾಲು, ಅತಿಥಿಗಳ ಮಾತು ಅಂತ ಮಧ್ಯಾಹ್ನ ಒಂದು ಗಂಟೆ ಆಗಿಹೋಯಿತು. ದೂರದ ತಾಲ್ಲೂಕಿನಿಂದ ಒಬ್ಬ ಹುಡುಗ ಇಪ್ಪತ್ತು ಪ್ರಿಂಟ್ ತಂದಿದ್ದ. ಸಂಜೆ ಬಸ್ಸಿಗೆ ಹೊತ್ತಾಯಿತು ಅಂತ ಕವರ್ ಬಿಚ್ಚದೆ ವಾಪಸ್ ತೆಗೆದುಕೊಂಡು ಹೋದ. ಅದು ನನಗೆ ಇವತ್ತಿಗೂ ನೋವು. ಅದಕ್ಕೇ ಹೇಳುತ್ತೇನೆ, ಉದ್ಘಾಟನೆಗೆ ಹತ್ತು ನಿಮಿಷ ಕೊಡಿ, ಮಾಲೆ ಮರ್ಯಾದೆ ಬೇಡ, ಒಂಬತ್ತೂವರೆಗೆ ಮೇಜುಗಳ ಹತ್ತಿರ ಎಲ್ಲರೂ ನಿಂತಿರಬೇಕು.

ಮೇಜು ಹಾಕುವುದರಲ್ಲೂ ನೋಡಿಕೊಳ್ಳಬೇಕಾದ್ದು ಇದೆ. ಮಂಟಪದವರು ಕೊಡುವ ಕೆಂಪು ಮೇಜುಬಟ್ಟೆ ಬೇಡವೇ ಬೇಡ, ಅದರ ಬಣ್ಣ ಪ್ರಿಂಟ್ ಮೇಲೆ ಹೊಡೆಯುತ್ತದೆ, ಕಪ್ಪು ಬಿಳುಪು ಚಿತ್ರಗಳಲ್ಲಂತೂ ಎದ್ದು ಕಾಣುತ್ತದೆ. ಬಿಳಿ ಅಥವಾ ಬೂದು ಬಟ್ಟೆ ಹಾಸಿ. ವೇದಿಕೆಯ ಬಣ್ಣದ ದೀಪಗಳನ್ನು ಆರಿಸಿ. ಹಳದಿ ಬಲ್ಬ್ ಮತ್ತು ಬಿಳಿ ಟ್ಯೂಬ್ ಎರಡನ್ನೂ ಬೆರೆಸಬೇಡಿ. ಎಲ್ಲಕ್ಕಿಂತ ಒಳ್ಳೆಯದು ಬಿಸಿಲು ನೇರ ಬೀಳದ, ಬೆಳಕು ಮಾತ್ರ ಬರುವ ಪಡಸಾಲೆ, ಉತ್ತರದ ಕಡೆ ಕಿಟಕಿ ಇದ್ದರಂತೂ ಇನ್ನೂ ಚೆನ್ನ.

ಪ್ರಿಂಟ್ ತರುವವರಿಗೆ ತಿಂಗಳ ಮುಂಚೆಯೇ ತಿಳಿಸಿ: ಒಂದೇ ವಿಷಯದ ಮೇಲೆ ಹನ್ನೆರಡರಿಂದ ಹದಿನೈದು ಚಿತ್ರ, 8 ಇಂಚು 12 ಇಂಚಿನ ಪ್ರಿಂಟ್, ಮ್ಯಾಟ್ ಕಾಗದ. ಹೊಳೆಯುವ ಕಾಗದದಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಫ್ರೇಮ್ ಬೇಡ, ಲ್ಯಾಮಿನೇಷನ್ ಬೇಡ. ಮೊಬೈಲಿನಲ್ಲಿ ತೋರಿಸುತ್ತೇನೆ ಅಂದರೆ ಒಪ್ಪಬೇಡಿ. ಕಾಗದದ ಮೇಲೆ ಬಂದಾಗಲೇ ಹನ್ನೆರಡನ್ನೂ ಪಕ್ಕ ಪಕ್ಕ ಇಟ್ಟು, ಎತ್ತಿ, ಜಾಗ ಬದಲಿಸಿ ನೋಡಲು ಆಗುವುದು. ಪ್ರಿಂಟ್ ಹಾಕಿಸಲು ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಊರಿನ ಕಲರ್ ಲ್ಯಾಬಿನವರ ಹತ್ತಿರ ಮಾತಾಡಿ ಕಡಿಮೆ ದರಕ್ಕೆ ಹಾಕಿಸಿಕೊಡಿ.

ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ, ಗಡಿಯಾರ ನೋಡಿಕೊಳ್ಳಲು ಒಬ್ಬರು. ನೋಡುವ ಹಿರಿಯರಿಗೆ ಒಂದು ಮಾತು ಮುಂಚೆಯೇ ಹೇಳಿ: ಮೊದಲ ಮೂರು ನಿಮಿಷ ಸುಮ್ನೆ ನೋಡಿ, ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಅಂತ ಕೇಳಬೇಡಿ. ಆಮೇಲೆ ಯಾವ ಎರಡು ಚಿತ್ರ ಉಳಿಯಬೇಕು, ಯಾವುದನ್ನು ತೆಗೆಯಬೇಕು, ಯಾಕೆ ಅಂತ ಹೇಳಿ. ‘ಚೆನ್ನಾಗಿದೆ’ ಅನ್ನುವುದರಿಂದ ತಂದವರಿಗೆ ಏನೂ ಸಿಗುವುದಿಲ್ಲ. ಸುತ್ತ ನಿಂತು ಕೇಳುವವರೂ ಇರಲಿ, ಬೇರೆಯವರ ಚಿತ್ರದ ಮೇಲಿನ ಮಾತು ಕೇಳುತ್ತಲೇ ಕಲಿಯುವುದು ಜಾಸ್ತಿ.

ಮೊದಲ ದಿನ ಮಧ್ಯಾಹ್ನ ಕಲಿಸುವವರಿಗೆ ಮೀಸಲಿಡಿ. 1962ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಛಾಯಾಗ್ರಾಹಕ ನೇಥನ್ ಲಯನ್ಸ್ ಅವರು ಜಾರ್ಜ್ ಈಸ್ಟ್‌ಮನ್ ಹೌಸ್ ಎಂಬ ಫೋಟೊಗ್ರಫಿ ಮ್ಯೂಸಿಯಂಗೆ ಫೋಟೊಗ್ರಫಿ ಕಲಿಸುವವರನ್ನು ಕರೆದು ಕೂರಿಸಿದರು, ಮರುವರ್ಷ ಅದರಿಂದಲೇ ಸೊಸೈಟಿ ಫಾರ್ ಫೋಟೊಗ್ರಾಫಿಕ್ ಎಜುಕೇಶನ್ ಎಂಬ ಅವರದೇ ಸಂಘ ಹುಟ್ಟಿತು. ನಮ್ಮಲ್ಲಿ ಕಲಿಸುವವರು ತುಂಬಾ ಒಂಟಿ, ಕಾಲೇಜಿನಲ್ಲಿ ಒಬ್ಬರೇ ಇರುತ್ತಾರೆ, ಕೇಳಲು ಯಾರೂ ಇರುವುದಿಲ್ಲ. ಹಾಗಾಗಿ ಭಾಷಣ ಬೇಡ. ಪ್ರತಿಯೊಬ್ಬರೂ ತಾವು ವಿದ್ಯಾರ್ಥಿಗಳಿಗೆ ಕೊಟ್ಟ ಒಂದು ಕೆಲಸ ಮತ್ತು ಅದಕ್ಕೆ ಬಂದ ಐದು ಚಿತ್ರ ತರಲಿ, ಅದರಲ್ಲಿ ಒಂದು ಸೋತ ಚಿತ್ರವೂ ಇರಲಿ. ಅದು ಯಾಕೆ ಸೋತಿತು ಅಂತ ಮಾತಾಡಿದಾಗ ಪಾಠ ತಾನಾಗೇ ಬರುತ್ತದೆ.

ಎರಡನೆಯ ದಿನ ಬೆಳಿಗ್ಗೆ ಸಯನೋಟೈಪ್ ಮಾಡಿಸಿ, ಅಂದರೆ ಬಿಸಿಲಿನಿಂದಲೇ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ಹಳೆಯ ವಿಧಾನ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಕ್ಯಾಮೆರಾ ಬೇಡ, ಕತ್ತಲೆ ಕೋಣೆ ಬೇಡ, ಬಿಸಿಲು ಸಾಕು. 100 ಮಿಲಿ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿಲಿ ನೀರಿಗೆ 10 ಗ್ರಾಂ ಪೊಟ್ಯಾಶಿಯಂ ಫೆರಿಸಯನೈಡ್. ಬೇಕಾದಾಗ ಎರಡನ್ನೂ ಸಮ ಪಾಲು ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ವಾಟರ್‌ಕಲರ್ ಹಾಳೆಗೆ ಬ್ರಷ್ಷಿನಿಂದ ಬಳಿದು ಒಣಗಿಸಿ. ಮೇಲೆ ಜರಿಗಿಡದ ಎಲೆಯನ್ನೋ ಹಳೆಯ ನೆಗೆಟಿವನ್ನೋ ಇಟ್ಟು, ಗಾಜು ಮುಚ್ಚಿ, ಹತ್ತು ಹದಿನೈದು ನಿಮಿಷ ಬಿಸಿಲಿಗೆ ಹಿಡಿಯಿರಿ. ಹಳದಿ ಹೋಗುವ ತನಕ ನೀರಿನಲ್ಲಿ ತೊಳೆದರೆ ಕಡು ನೀಲಿ ಚಿತ್ರ. ಕೈಗೆ ಗ್ಲೌಸ್ ಇರಲಿ, ಆಸಿಡ್ ಹತ್ತಿರಕ್ಕೂ ತರಬೇಡಿ, ಡಬ್ಬಿಗಳ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಡ್ರಾಯಿಂಗ್ ಮೇಷ್ಟ್ರುಗಳು ಇದನ್ನು ಮರುದಿನವೇ ಶಾಲೆಗೆ ಒಯ್ಯಬಹುದು.

ನಿಮ್ಮ ಊರಿನ ಹಳೆಯ ಸ್ಟುಡಿಯೊದ ಯಜಮಾನರನ್ನು ಹುಡುಕಿ ಕರೆಯಿರಿ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಮುಖದ ಕಲೆ ತಿದ್ದಿದವರು, ಕಪ್ಪು ಬಿಳುಪು ಪ್ರಿಂಟಿಗೆ ಕೈಯಿಂದ ಬಣ್ಣ ಹಾಕಿದವರು ಇನ್ನೂ ಇದ್ದಾರೆ. ಅವರನ್ನು ವೇದಿಕೆಗೆ ಹತ್ತಿಸಬೇಡಿ, ಒಂದು ಕುರ್ಚಿ, ಮೇಜು, ದೀಪ ಕೊಟ್ಟು ಕೆಲಸ ಮಾಡಿ ತೋರಿಸಿ ಅಂತ ಕೇಳಿ. ಅವರು ಒಪ್ಪಿದರೆ ಒಬ್ಬ ವಿದ್ಯಾರ್ಥಿ ಅದನ್ನು ವಿಡಿಯೊ ಮಾಡಿಕೊಳ್ಳಲಿ. ಹೋಗಿ ಬರುವ ಕಾರಿನ ಖರ್ಚು, ಒಂದಿಷ್ಟು ಗೌರವಧನ ಖಂಡಿತ ಕೊಡಿ, ಅವರ ಒಂದು ದಿನಕ್ಕೆ ಬೆಲೆ ಇದೆ.

ದುಡ್ಡಿನ ವಿಷಯಕ್ಕೆ ಬಂದರೆ, ಎಲ್ಲರಿಂದ ಶುಲ್ಕ ತೆಗೆದುಕೊಳ್ಳಿ, ವಿದ್ಯಾರ್ಥಿಗಳಿಂದ ಅರ್ಧ. ಕ್ಯಾಮೆರಾ ಅಂಗಡಿಯವರು ಪ್ರಾಯೋಜಿಸಲು ಬಂದರೆ ಬೇಡ ಅನ್ನಬೇಡಿ, ಆದರೆ ಅವರ ಮಳಿಗೆ ಊಟದ ಹಾಲ್ ಬಾಗಿಲಲ್ಲಿರಲಿ, ಪ್ರಿಂಟ್ ಮೇಜಿನ ಹತ್ತಿರ ಅಲ್ಲ. ಊಟ ಸರಳವಾಗಿರಲಿ: ಅನ್ನ, ಸಾರು, ಪಲ್ಯ, ಮಜ್ಜಿಗೆ.

ಕೊನೆಯ ಅರ್ಧ ಗಂಟೆ ಪ್ರಿಂಟ್ ವಿನಿಮಯಕ್ಕೆ. ಪ್ರತಿಯೊಬ್ಬರೂ ತಮ್ಮ ಒಂದು ಚಿತ್ರದ ಹಿಂದೆ ಹೆಸರು, ಊರು, ತೆಗೆದ ವರ್ಷ ಬರೆದು ಮೇಜಿನ ಮೇಲೆ ಮಗುಚಿ ಇಡಲಿ, ಚೀಟಿ ಎತ್ತಿದ ಹಾಗೆ ಒಂದೊಂದು ಎತ್ತಿಕೊಳ್ಳಲಿ. ಬಸ್ಸಿಗೆ ಬೇಗ ಹೊರಡಬೇಕಾದವರನ್ನು ಮೊದಲು ಕರೆಯಿರಿ.