ಕೋಲಾರದಲ್ಲಿ ಕೂತು ಒಂದು ಫ್ರೆಂಚ್ ಡಿವಿಜನ್‌ನ ಯುದ್ಧಚರಿತ್ರೆ ಓದುವುದು ಹೇಗೆ

ಎರಡನೇ ಮಹಾಯುದ್ಧ ಎಂದರೆ ನಮ್ಮಲ್ಲಿ ಹೆಚ್ಚಿನವರು ಹಿಟ್ಲರ್, ಚರ್ಚಿಲ್, ಹಿರೋಶಿಮಾ ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಯುದ್ಧ ನೆಲದ ಮೇಲೆ ಹೇಗೆ ನಡೆಯಿತು, ಯಾವ ಊರಿನವರು ಯಾವ ಊರಿನಲ್ಲಿ ಸತ್ತರು ಎಂದು ತಿಳಿಯಬೇಕಾದರೆ ಒಂದು ಒಳ್ಳೆಯ ದಾರಿ ಇದೆ. ಒಂದೇ ಒಂದು ಡಿವಿಜನ್, ಅಂದರೆ ಸಾವಿರಾರು ಸೈನಿಕರ ಒಂದು ದೊಡ್ಡ ಪಡೆ, ಆರಿಸಿಕೊಳ್ಳಿ. ಅದು ಹುಟ್ಟಿದಾಗಿನಿಂದ ಯುದ್ಧ ಮುಗಿಯುವ ತನಕ ಅದರ ಬೆನ್ನು ಹಿಡಿದು ಹೋಗಿ. ಇತಿಹಾಸ ಓದುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ, ಮತ್ತು ಶುರು ಮಾಡಲು ಕೊಡುವುದು ಒಂದೇ ಹೆಸರು: ಒಂದನೇ ಮುಕ್ತ ಫ್ರೆಂಚ್ ಡಿವಿಜನ್. ಫ್ರೆಂಚ್ ದಾಖಲೆಗಳಲ್ಲಿ ಇದು ಡಿ.ಎಫ್.ಎಲ್. ಎಂಬ ಮೂರಕ್ಷರದಲ್ಲಿ ಸಿಗುತ್ತದೆ.

ಬ್ರಿಟಿಷರದ್ದೋ ನಮ್ಮವರದ್ದೋ ಓದಬಹುದಲ್ವಾ, ಫ್ರೆಂಚರದ್ದು ಯಾಕೆ ಎಂದು ಕೇಳುತ್ತಾರೆ. ಯಾಕೆಂದರೆ ಈ ಡಿವಿಜನ್ ಹೋದ ಎಷ್ಟೋ ಕಡೆ ಪಕ್ಕದಲ್ಲೇ ಭಾರತದ ಸೈನಿಕರು ಇದ್ದಾರೆ. 1941ರಲ್ಲಿ ಎರಿಟ್ರಿಯಾದಲ್ಲಿ ಇದರ ಮೊದಲ ತುಕಡಿಗಳು ಏಳನೇ ಭಾರತೀಯ ಬ್ರಿಗೇಡ್ ಜೊತೆ ಸೇರಿ ಹೋರಾಡಿದವು. ಅದೇ ವರ್ಷ ಜೂನ್‌ನಲ್ಲಿ ಡಮಾಸ್ಕಸ್ ಕಡೆ ಹೊರಟಾಗ ಐದನೇ ಭಾರತೀಯ ಬ್ರಿಗೇಡ್ ಜೊತೆಗಿತ್ತು. ಒಂದು ಪರದೇಶದ ಕಥೆ ಓದುತ್ತಾ ಓದುತ್ತಾ ನಮ್ಮವರ ಅರ್ಧ ಕಥೆ ಕೈಗೆ ಬರುತ್ತದೆ. ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆ ಮನೆಯಲ್ಲಿ ಮಿಲಿಟರಿ ತಾತನ ಪದಕ ಇಟ್ಟುಕೊಂಡಿರುವವರು ಇದನ್ನು ಬಿಡಬಾರದು.

ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಂಡು ಅಸ್ಥಿಪಂಜರ ಬರೆದುಕೊಳ್ಳಿ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋಲುತ್ತದೆ, 18ನೇ ತಾರೀಖು ಫ್ರೆಂಚ್ ಜನರಲ್ ಡಿ ಗಾಲ್ ಸೋಲು ಒಪ್ಪಬೇಡಿ ಎಂದು ಲಂಡನ್ ರೇಡಿಯೋದಲ್ಲಿ ಮಾತಾಡುತ್ತಾರೆ. ಅವರ ಕಡೆ ನಿಂತವರೇ ಮುಕ್ತ ಫ್ರೆಂಚರು. 1941ರಲ್ಲಿ ಎರಿಟ್ರಿಯಾ, ಸಿರಿಯಾ. 1942ರಲ್ಲಿ ಲಿಬಿಯಾದ ಬೀರ್ ಹಕೀಂ, ಆಮೇಲೆ ಈಜಿಪ್ಟಿನ ಎಲ್ ಅಲಮೀನ್. 1943ರ ಫೆಬ್ರವರಿಯಲ್ಲಿ ಇದು ಡಿವಿಜನ್ ಆಗಿ ನಿಲ್ಲುತ್ತದೆ, ಮೇ ತಿಂಗಳಲ್ಲಿ ಟುನೀಷಿಯಾ. 1944ರ ಮೇ, ಜೂನ್‌ನಲ್ಲಿ ಇಟಲಿ, ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಕರಾವಳಿ, ಸೆಪ್ಟೆಂಬರ್‌ನಲ್ಲಿ ಲಿಯೋಂ, ಚಳಿಗಾಲಕ್ಕೆ ವೋಜ್ ಬೆಟ್ಟಗಳು. 1945ರ ಜನವರಿಯಲ್ಲಿ ಆಲ್ಸಾಸ್, ಏಪ್ರಿಲ್‌ನಲ್ಲಿ ಇಟಲಿ ಗಡಿಯ ಓತಿಯೋಂ ಶಿಖರಗಳು. ಇಷ್ಟು ಸಾಕು. ಪ್ರತಿ ವರ್ಷದ ಕೆಳಗೆ ಒಂದು ಗೇಣು ಜಾಗ ಖಾಲಿ ಬಿಡಿ.

ಈಗ ಎಲ್ಲರೂ ಎಡವುವ ಜಾಗ ಬರುತ್ತದೆ, ಹೆಸರು ಮತ್ತು ನಂಬರು. ಫ್ರೆಂಚ್ ಸೈನ್ಯದಲ್ಲಿ 'ಒಂದನೇ ಡಿವಿಜನ್' ಎನ್ನುವುದು ಒಂದಲ್ಲ. ಮೊದಲ ಮಹಾಯುದ್ಧದ ಒಂದನೇ ಕಾಲಾಳು ಡಿವಿಜನ್ ಬೇರೆ. 1940ರಲ್ಲಿ ಬೆಲ್ಜಿಯಂ ಕಡೆ ಹೋಗಿ ನುಚ್ಚುನೂರಾದ ಒಂದನೇ ಮೋಟಾರು ಡಿವಿಜನ್ ಬೇರೆ. 1944ರ ಒಂದನೇ ಟ್ಯಾಂಕ್ ಡಿವಿಜನ್ ಮತ್ತೂ ಬೇರೆ. ಸಾಲದ್ದಕ್ಕೆ ನಮ್ಮ ಡಿವಿಜನ್‌ಗೇ 1944ರಲ್ಲಿ ಕಾಗದದ ಮೇಲೆ ಡಿ.ಎಂ.ಐ. ಎಂದು ಹೊಸ ಹೆಸರು ಬಂತು. ಸೈನಿಕರು ಒಪ್ಪಲಿಲ್ಲ, ತಮ್ಮನ್ನು ಡಿ.ಎಫ್.ಎಲ್. ಎಂದೇ ಕರೆದುಕೊಂಡರು. ಆದ್ದರಿಂದ ನೀವು 1944ರ ದಾಖಲೆಯಲ್ಲಿ ಡಿ.ಎಂ.ಐ. ಎಂದು ನೋಡಿದರೆ ಬೇರೆ ಪಡೆ ಬಂತು ಅಂದುಕೊಳ್ಳಬೇಡಿ. ಪ್ಯಾರಿಸ್ ಬಿಡಿಸಿದ ಲೆಕ್ಲೇರ್ ಅವರ ಎರಡನೇ ಟ್ಯಾಂಕ್ ಡಿವಿಜನ್ ಜೊತೆಯೂ ಇದನ್ನು ಕಲಸಬೇಡಿ.

ಹಾಗಾದರೆ ಏನನ್ನು ಹಿಡಿದುಕೊಳ್ಳಬೇಕು? ಬೆಟಾಲಿಯನ್. ಡಿವಿಜನ್ ಎನ್ನುವುದು ಮೇಲಿನ ಹೆಸರು ಮಾತ್ರ. ಒಳಗಿರುವ ಜನ ಬದಲಾಗುತ್ತಲೇ ಇರುತ್ತಾರೆ. 1944ರಲ್ಲಿ ಇದರಲ್ಲಿ ಮೂರು ಬ್ರಿಗೇಡ್, ನಂಬರು 1, 2 ಮತ್ತು 4. ಮೂರನೇ ನಂಬರು ಬಿಟ್ಟುಹೋಗಿರುವುದು ಅಚ್ಚಿನ ತಪ್ಪಲ್ಲ. ಒಂದೊಂದರಲ್ಲಿ ಮೂರು ಬೆಟಾಲಿಯನ್. ಹದಿಮೂರನೇ ಅರೆಬ್ರಿಗೇಡ್ ಎಂದರೆ ಫಾರಿನ್ ಲೀಜನ್, ಅಂದರೆ ಯುರೋಪಿನ ಎಲ್ಲ ದೇಶಗಳಿಂದ ಓಡಿಬಂದವರು, ಸ್ಪೇನಿನ ಗಣರಾಜ್ಯದ ಪರ ಹೋರಾಡಿ ಸೋತವರು ಸೇರಿದಂತೆ. ಬಿ.ಎಂ. ಎಂದು ಶುರುವಾಗಿ ಪಕ್ಕದಲ್ಲಿ ನಂಬರು ಇರುವವು ಹೆಚ್ಚಾಗಿ ಆಫ್ರಿಕಾದ ಸೈನಿಕರ ಬೆಟಾಲಿಯನ್. ಬಿ.ಎಂ. 2 ಬಂದದ್ದು ಊಬಾಂಗಿಯಿಂದ, ಇವತ್ತಿನ ಮಧ್ಯ ಆಫ್ರಿಕಾ ಗಣರಾಜ್ಯ. ಪೆಸಿಫಿಕ್ ಬೆಟಾಲಿಯನ್‌ನಲ್ಲಿ ತಾಹಿತಿ ಮತ್ತು ನ್ಯೂ ಕ್ಯಾಲಿಡೋನಿಯಾದ ಯುವಕರು. ಪಾಂಡಿಚೇರಿ ಕೂಡ 1940ರ ಸೆಪ್ಟೆಂಬರ್‌ನಲ್ಲೇ ಡಿ ಗಾಲ್ ಕಡೆ ನಿಂತಿತು, ಅಲ್ಲಿಂದಲೂ ಸ್ವಯಂಸೇವಕರು ಮುಕ್ತ ಫ್ರೆಂಚ್ ಪಡೆ ಸೇರಿದರು.

ಒಂದು ಬೆಟಾಲಿಯನ್ ಹಿಡಿದು ಹೋದರೆ ಏನು ಸಿಗುತ್ತದೆ ನೋಡಿ. ಬೀರ್ ಹಕೀಂನಲ್ಲಿ ಪೆಸಿಫಿಕ್ ಬೆಟಾಲಿಯನ್ ಇತ್ತು, ನೌಕಾ ಕಾಲಾಳು ಬೆಟಾಲಿಯನ್ ಅಂತ ಇನ್ನೊಂದು ಇತ್ತು. ಮೊದಲನೆಯದರ ನಾಯಕ ಫೆಲಿಕ್ಸ್ ಬ್ರೋಶ್ 1942ರ ಜೂನ್ 9ರಂದು ಶೆಲ್ ಬಿದ್ದು ಸತ್ತರು. ಎರಡನೆಯದರ ನಾಯಕ ಸಾವೆ ಮುತ್ತಿಗೆ ಒಡೆದು ಹೊರಗೆ ಬರುವ ರಾತ್ರಿ ಸತ್ತರು. ಎರಡೂ ಬೆಟಾಲಿಯನ್‌ಗಳಲ್ಲಿ ಉಳಿದವರನ್ನು ಕೂಡಿಸಿ ಬಿ.ಐ.ಎಂ.ಪಿ. ಎಂಬ ಒಂದೇ ಬೆಟಾಲಿಯನ್ ಮಾಡಿದರು. ಡಿವಿಜನ್ ಮಟ್ಟದ ಪುಸ್ತಕದಲ್ಲಿ ಇದು ಒಂದು ಸಾಲು. ಬೆಟಾಲಿಯನ್ ಮಟ್ಟದಲ್ಲಿ ಓದಿದರೆ ಅದೇ ಇಡೀ ಕಥೆ.

ಮುಂದಿನ ಹೆಜ್ಜೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಒಂದು ದಿನ ಆರಿಸಿಕೊಂಡು ಅದನ್ನು ಎರಡು ಮೂರು ಕಡೆಯಿಂದ ಓದಿ. 1942ರ ಮೇ 27 ತೆಗೆದುಕೊಳ್ಳಿ. ಗಜಾಲಾ ಎಂಬ ಕರಾವಳಿ ಊರಿನಿಂದ ಬ್ರಿಟಿಷ್ ರಕ್ಷಣಾ ಸಾಲು ಶುರುವಾಗಿ ಮರಳುಗಾಡಿನ ಒಳಗೆ ಬೀರ್ ಹಕೀಂನಲ್ಲಿ ಮುಗಿಯುತ್ತಿತ್ತು, ಹೆಚ್ಚುಕಡಿಮೆ ಕೋಲಾರದಿಂದ ಬೆಂಗಳೂರಿನಷ್ಟು ದೂರ. ಬೀರ್ ಹಕೀಂನಲ್ಲಿ ಊರು ಅಂತ ಏನೂ ಇಲ್ಲ. ಒಣಗಿದ ಹಳೇ ನೀರಿನ ತೊಟ್ಟಿ, ದಾರಿ ಕೂಡುವ ಜಾಗ, ಸುತ್ತ ಸಾವಿರಾರು ಲ್ಯಾಂಡ್‌ಮೈನ್. ಒಳಗೆ ಜನರಲ್ ಕೋನಿಗ್ ಕೈಕೆಳಗೆ ಸುಮಾರು 3,700 ಜನ. ಜರ್ಮನ್ ಸೇನಾಪತಿ ರೊಮೆಲ್ ಈ ಸಾಲನ್ನು ದಕ್ಷಿಣದ ತುದಿಯಿಂದ ಬಳಸಿಕೊಂಡು ಹಿಂದಕ್ಕೆ ಬರಬೇಕೆಂದು ಹೊರಟ. ಬಳಸುವ ದಾರಿಯಲ್ಲಿ, ಬೀರ್ ಹಕೀಂಗೆ ಆಗ್ನೇಯದಲ್ಲಿ ಕೆಲವೇ ಕಿಲೋಮೀಟರ್ ದೂರದಲ್ಲಿ, ಮೂರನೇ ಭಾರತೀಯ ಮೋಟಾರ್ ಬ್ರಿಗೇಡ್ ಇತ್ತು. ಟ್ಯಾಂಕ್ ಇಲ್ಲದ ಬ್ರಿಗೇಡ್. ಬೆಳಗಿನ ಹೊತ್ತಿಗೇ ಇಟಲಿಯ ಅರಿಯೆತೆ ಟ್ಯಾಂಕ್ ಡಿವಿಜನ್ ಅದರ ಮೇಲೆ ಹಾಯ್ದುಹೋಯಿತು. ನೂರಾರು ಜನ ಸತ್ತರು, ಸೆರೆಸಿಕ್ಕರು. ಅದೇ ಅರಿಯೆತೆಯ ಟ್ಯಾಂಕುಗಳು ಅದೇ ಬೆಳಿಗ್ಗೆ ಫ್ರೆಂಚರ ಮೇಲೆ ತಿರುಗಿ, ಮೈನ್‌ಗಳ ಮೇಲೆ ಮತ್ತು ಫ್ರೆಂಚರ 75 ಮಿಲಿಮೀಟರ್ ಫಿರಂಗಿಗಳ ಎದುರಿಗೆ ಮೂವತ್ತಕ್ಕೂ ಹೆಚ್ಚು ಟ್ಯಾಂಕ್ ಕಳೆದುಕೊಂಡವು.

ಫ್ರೆಂಚ್ ಬರಹ ಮಾತ್ರ ಓದಿದರೆ ಮೇ 27 ಒಂದು ಗೆಲುವಿನ ದಿನ. ಭಾರತೀಯ ದಾಖಲೆ ಮಾತ್ರ ಓದಿದರೆ ಅದೊಂದು ದುರಂತ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಮಾತ್ರ ಆ ಬೆಳಿಗ್ಗೆ ಪೂರ್ತಿಯಾಗಿ ಕಾಣುತ್ತದೆ. ಕೆಲವು ದಿನದ ಮೇಲೆ, ಸೆರೆಹಿಡಿದವರು ಮರಳುಗಾಡಿನಲ್ಲಿ ಬಿಟ್ಟುಹೋದ ನೂರಾರು ಭಾರತೀಯ ಸೈನಿಕರು ಬಾಯಾರಿ ನಡೆದು ಬೀರ್ ಹಕೀಂ ಸೇರಿದರು. ಒಳಗೆ ಫ್ರೆಂಚರಿಗೇ ನೀರು ಅಳತೆಯ ಮೇಲೆ ಸಿಗುತ್ತಿತ್ತು. ಇದ್ದದ್ದರಲ್ಲೇ ಅವರಿಗೂ ಕೊಟ್ಟರು. ನೀರಿನ ಬೆಲೆ ಗೊತ್ತಿರುವ ನಮ್ಮ ಬಯಲುಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರೊಮೆಲ್ ಶರಣಾಗಿ ಎಂದು ಮತ್ತೆ ಮತ್ತೆ ಹೇಳಿಕಳಿಸಿದರೂ ಕೋನಿಗ್ ಒಪ್ಪಲಿಲ್ಲ. ಜೂನ್ 10ರ ರಾತ್ರಿ ಮೈನ್‌ಗಳ ನಡುವೆ ದಾರಿ ಮಾಡಿಕೊಂಡು ಹೊರಬಿದ್ದರು. ಸುಮಾರು 2,700 ಜನ ಬದುಕಿ ಬಂದರು. ಕೋನಿಗ್ ಕಾರು ಓಡಿಸಿದ್ದು ಸೂಸನ್ ಟ್ರಾವರ್ಸ್ ಎಂಬ ಇಂಗ್ಲಿಷ್ ಹೆಂಗಸು.

ಈ ಸಂಖ್ಯೆಗಳ ಬಗ್ಗೆ ಒಂದು ಮಾತು. ಸತ್ತವರ, ತಪ್ಪಿಹೋದವರ ಲೆಕ್ಕ ಒಂದೊಂದು ಕಡೆ ಒಂದೊಂದು ತರ ಇರುತ್ತದೆ. ಗಾಬರಿ ಆಗಬೇಡಿ. ಎರಡನ್ನೂ ಬರೆದುಕೊಂಡು ಯಾವ ದಿನ ಎಣಿಸಿದ್ದು ಎಂದು ನೋಡಿ. ಜೂನ್ 11ರ ಬೆಳಿಗ್ಗೆ ತಪ್ಪಿಹೋದವನೆಂದು ಬರೆದ ಮನುಷ್ಯ ಎರಡು ದಿನ ಬಿಟ್ಟು ನಡೆದು ಬಂದಿರಬಹುದು. ಮತ್ತೆ ಫ್ರೆಂಚರು ಸಂಖ್ಯೆ ಬರೆಯುವ ಕ್ರಮವೇ ಬೇರೆ. ಅವರ ಅಲ್ಪವಿರಾಮ ನಮ್ಮ ದಶಮಾಂಶ ಚುಕ್ಕಿ. 1,5 ಕಿಲೋಮೀಟರ್ ಎಂದಿದ್ದರೆ ಒಂದೂವರೆ ಎಂದು ಓದಿ. ಸಾವಿರದ ಜಾಗದಲ್ಲಿ ಸುಮ್ನೆ ಖಾಲಿ ಜಾಗ ಬಿಡುತ್ತಾರೆ. ತಾರೀಖು ಮಾತ್ರ ನಮ್ಮ ಹಾಗೇ, ದಿನ ಮೊದಲು.

ಭಾಷೆ ಬಾರದಿದ್ದರೆ ಮೊಬೈಲ್ ಅನುವಾದ ಸಾಕಾಗುತ್ತದೆ, ಆದರೆ ಫ್ರೆಂಚ್‌ನಿಂದ ನೇರ ಕನ್ನಡಕ್ಕೆ ಹಾಕಬೇಡಿ. ಮೊದಲು ಇಂಗ್ಲಿಷ್‌ಗೆ ಹಾಕಿ, ಅದನ್ನು ಓದಿ ನಿಮ್ಮ ಕನ್ನಡದಲ್ಲಿ ನೀವೇ ಬರೆಯಿರಿ. ಡಿ.ಐ. ಎಂದರೆ ಕಾಲಾಳು ಡಿವಿಜನ್, ಆರ್.ಐ. ಎಂದರೆ ಕಾಲಾಳು ರೆಜಿಮೆಂಟ್. ಈ ಅಕ್ಷರಗಳನ್ನು ಅನುವಾದ ಯಂತ್ರ ಕೆಡಿಸುತ್ತದೆ, ಹಾಗಾಗಿ ನಿಮ್ಮದೇ ಒಂದು ಪಟ್ಟಿ ಪಕ್ಕದಲ್ಲಿರಲಿ. ಒಂದಷ್ಟು ಫ್ರೆಂಚ್ ಕಲಿಯಬೇಕು ಅನ್ನಿಸಿದರೆ ಬೆಂಗಳೂರಿನ ವಸಂತನಗರದಲ್ಲಿ ಅಲಿಯಾನ್ಸ್ ಫ್ರಾಂಸೇಸ್ ಇದೆ, ಲೈಬ್ರರಿಯೂ ಉಂಟು. ಬಂಗಾರಪೇಟೆಯಿಂದ ರೈಲು ಹತ್ತಿ ಕಂಟೋನ್ಮೆಂಟ್‌ನಲ್ಲಿ ಇಳಿದರೆ ಹತ್ತಿರ.

ದಾಖಲೆಗಳು ಮನೆಯಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಫ್ರೆಂಚ್ ರಕ್ಷಣಾ ಇಲಾಖೆಯ 'ಮೆಮ್ವಾರ್ ದೆಝೋಮ್' ತಾಣದಲ್ಲಿ ದೇಶಕ್ಕಾಗಿ ಸತ್ತವರ ಹೆಸರು ಹುಡುಕಬಹುದು. ಆರ್ಡರ್ ಆಫ್ ಲಿಬರೇಷನ್ ಮ್ಯೂಸಿಯಂನ ತಾಣದಲ್ಲಿ ಆ ಗೌರವ ಪಡೆದ 1,038 ಜನರ ಒಬ್ಬೊಬ್ಬರ ಜೀವನ ವಿವರ ಇದೆ, ಈ ಡಿವಿಜನ್‌ನವರು ಅದರಲ್ಲಿ ತುಂಬಾ ಜನ. ಜಾರ್ಜಿಯಾದಿಂದ ಬಂದು ಲೀಜನ್ ನಾಯಕನಾಗಿ 1942ರ ಅಕ್ಟೋಬರ್‌ನಲ್ಲಿ ಎಲ್ ಅಲಮೀನ್ ಕದನದಲ್ಲಿ ಸತ್ತ ಅಮಿಲಾಕ್ವಾರಿ, 1944ರ ನವೆಂಬರ್ 20ರಂದು ಜೀಪು ಹೊಳೆಗೆ ಬಿದ್ದು ತೀರಿಕೊಂಡ ಡಿವಿಜನ್ ನಾಯಕ ಜನರಲ್ ಬ್ರೊಸೆ, ಇಬ್ಬರನ್ನೂ ಅಲ್ಲಿ ಓದಿ. ಮೊದಲ ಮಹಾಯುದ್ಧದ ಡಿವಿಜನ್ ಬೇಕು ಎನ್ನುವವರಿಗೆ ಕೆಲಸ ಇನ್ನೂ ಸುಲಭ. ಆ ಕಾಲದ ರೆಜಿಮೆಂಟ್ ದಿನಚರಿಗಳನ್ನು ಕೈಬರಹದ ಸಮೇತ ಸ್ಕ್ಯಾನ್ ಮಾಡಿ ಅದೇ ಮೆಮ್ವಾರ್ ತಾಣದಲ್ಲಿ ಇಟ್ಟಿದ್ದಾರೆ, ಅಚ್ಚಾದ ರೆಜಿಮೆಂಟ್ ಚರಿತ್ರೆಗಳು ಫ್ರೆಂಚ್ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾದಲ್ಲಿವೆ. 1916ರ ಫೆಬ್ರವರಿ 21ರಂದು ವೆರ್ದೂನ್‌ನಲ್ಲಿ ಮೊದಲ ಹೊಡೆತ ತಿಂದ 72ನೇ ಡಿವಿಜನ್ ಒಳ್ಳೆಯ ಆಯ್ಕೆ.

ಆದರೆ ಈ ತಾಣಗಳಲ್ಲಿ ಯಾರು ಸಿಗುತ್ತಾರೆ, ಯಾರು ಸಿಗುವುದಿಲ್ಲ ಎಂದು ಗಮನಿಸುತ್ತಾ ಹೋಗಿ. ಅಧಿಕಾರಿಗಳ ಫೋಟೋ, ಊರು, ಕುಟುಂಬ ಎಲ್ಲ ಸಿಗುತ್ತದೆ. ಆಫ್ರಿಕಾದ ಸಾಮಾನ್ಯ ಸೈನಿಕನ ಬಗ್ಗೆ ಎಷ್ಟೋ ಸಲ ಹೆಸರು ಮತ್ತು ನಂಬರು ಬಿಟ್ಟು ಏನೂ ಇರುವುದಿಲ್ಲ. 1944ರ ಶರತ್ಕಾಲದಲ್ಲಿ ಇನ್ನೂ ದೊಡ್ಡದೊಂದು ನಡೆಯಿತು. ಮರಳುಗಾಡು, ಇಟಲಿ, ಪ್ರೊವಾನ್ಸ್ ಎಲ್ಲ ದಾಟಿ ಬಂದ ಸಾವಿರಾರು ಆಫ್ರಿಕನ್ ಸೈನಿಕರನ್ನು ಈ ಡಿವಿಜನ್‌ನಿಂದ ತೆಗೆದು ಅವರ ಕೋಟು, ಬಂದೂಕುಗಳನ್ನು ಫ್ರಾನ್ಸಿನ ಪ್ರತಿರೋಧ ಪಡೆಯಿಂದ ಬಂದ ಯುವಕರಿಗೆ ಕೊಟ್ಟರು. ಚಳಿ ತಡೆಯಲಾರರು ಎಂಬ ಕಾರಣ ಹೇಳಿದರು. ಸ್ಥಳೀಯ ಯುವಕರನ್ನು ಸೈನ್ಯದ ಶಿಸ್ತಿನೊಳಗೆ ತರಬೇಕಿತ್ತು, ಬಟ್ಟೆ ಆಯುಧಗಳ ಕೊರತೆಯೂ ಇತ್ತು, ಗೆಲುವಿನ ಹೊತ್ತಿಗೆ ಬಿಳಿಯರ ಸೈನ್ಯ ಕಾಣಬೇಕೆಂಬ ರಾಜಕೀಯವೂ ಇತ್ತು. ಬಿ.ಎಂ. ನಂಬರುಗಳು ಹಾಗೇ ಉಳಿದವು, ಒಳಗಿನ ಮನುಷ್ಯರು ಬೇರೆಯಾದರು. 1945ರ ಜನವರಿಯಲ್ಲಿ ಆಲ್ಸಾಸ್‌ನ ಓಬೆನ್‌ಹೈಮ್‌ನಲ್ಲಿ ಜರ್ಮನ್ನರ ಸುತ್ತುವರಿತಕ್ಕೆ ಸಿಕ್ಕಿ ಬಿ.ಎಂ. 24 ಮುಗಿದುಹೋಯಿತು ಎಂದು ಓದುವಾಗ, ಈ ಬಿ.ಎಂ. 24 ಹಿಂದಿನ ವರ್ಷದ ಬಿ.ಎಂ. 24 ಅಲ್ಲ ಎಂದು ನಿಮ್ಮ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿರಬೇಕು. ನಾನು ಬೆಟಾಲಿಯನ್ ಹಿಡಿದುಕೊಳ್ಳಿ ಎಂದದ್ದು ಇದಕ್ಕೇ. ಮೇಲಿನ ಹೆಸರು ನೋಡಿದರೆ ಈ ಅನ್ಯಾಯ ಕಾಣುವುದೇ ಇಲ್ಲ.

ಮನೆಯಲ್ಲಿ ಯಾರಾದರೂ ಆ ಕಡೆ ಯುದ್ಧಕ್ಕೆ ಹೋಗಿದ್ದರೆ ಇನ್ನೊಂದು ಕೆಲಸ ಮಾಡಿ. ಪದಕದ ಅಂಚಿನಲ್ಲಿ, ಹಳೇ ಪೆನ್ಷನ್ ಕಾಗದದಲ್ಲಿ ಇರುವ ನಂಬರು, ಪಡೆಯ ಹೆಸರು ಬರೆದುಕೊಳ್ಳಿ. ತೀರಿಹೋದವರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹುಡುಕಬಹುದು. ಇಂಗ್ಲಿಷ್‌ನಲ್ಲಿ ಹೆಸರಿನ ಕಾಗುಣಿತವನ್ನು ನಾಲ್ಕೈದು ರೀತಿ ಬದಲಿಸಿ ನೋಡಿ, ನಮ್ಮ ಹೆಸರುಗಳನ್ನು ಆಗಿನ ಗುಮಾಸ್ತರು ಕೇಳಿದ ಹಾಗೆ ಬರೆದಿದ್ದಾರೆ.

ಡಿ.ಎಫ್.ಎಲ್. ಮುಗಿದ ಮೇಲೆ ಮೂರನೇ ಅಲ್ಜೀರಿಯನ್ ಕಾಲಾಳು ಡಿವಿಜನ್ ತೆಗೆದುಕೊಳ್ಳಿ. 1944ರ ಜನವರಿ ಕೊನೆಯಲ್ಲಿ ಅದರ ಟುನೀಷಿಯಾದ ಸೈನಿಕರು ಇಟಲಿಯ ಕಸೀನೊ ಊರಿನ ಉತ್ತರಕ್ಕಿರುವ ಬೆಲ್ವೆದೆರೆ ಬೆಟ್ಟ ಹತ್ತಿದರು. ಎರಡು ವಾರ ಕಳೆದು ಅದೇ ಕಸೀನೊ ಬೆಟ್ಟದ ಸಾಲಿಗೆ ಬಂದದ್ದು ನಾಲ್ಕನೇ ಭಾರತೀಯ ಡಿವಿಜನ್, ಅದರೊಳಗೆ ಬೆಂಗಳೂರಿನಲ್ಲಿ ತರಬೇತಾದ ಸೇನಾ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ.