ಕತ್ತಿ ಹಿಡಿಯೋ ಮೊದ್ಲು ಪಟಿಕ ಹಿಡೀರಿ

ಹೋದ ತಿಂಗಳು ಒಂದಿನ ಬೆಳಗ್ಗೆ ಮೊಮ್ಮಗ ದೋಸೆಗೆ ಅಂತ ಬಂದು ಕೂತ, ಮುಖದ ತುಂಬ ಟಿಶ್ಯೂ ಪೇಪರ್ ಚೂರು, ಒಂದೊಂದರ ಮಧ್ಯಕ್ಕೂ ಕುಂಕುಮ ಇಟ್ಟಂಗೆ ಕೆಂಪು ಚುಕ್ಕಿ. ಎಣಿಸ್ದೆ, ಏಳಿತ್ತು. ಏನೋ ಇದು ಅಂದ್ರೆ ಆನ್‌ಲೈನಲ್ಲಿ ಕ್ಷೌರದ ಕತ್ತಿ ತರಿಸಿದೀನಿ ಅಜ್ಜಿ, ಹಳೇ ಸ್ಟೈಲು ಅಂತಾನೆ. ಯಾರೋ ಹೇಳ್ಕೊಟ್ಟಿದ್ದು ಅಂದ್ರೆ ಯೂಟ್ಯೂಬು. ನನ್ನನ್ನ ಕೇಳ್ಬಾರ್ದಿತ್ತಾ ಅಂದಿದ್ದಕ್ಕೆ "ನಿಂಗೇನ್ ಗೊತ್ತಜ್ಜಿ ಗಡ್ಡದ ವಿಷ್ಯ" ಅಂತ ನಕ್ಕ ನೋಡಿ, ಕಾವಲಿ ಮೇಲಿದ್ದ ದೋಸೆ ಸೀದೋಯ್ತು.

ನಂಗೇನ್ ಗೊತ್ತಾ? ನಮ್ಮಪ್ಪಂದು ಅರಸೀಕೆರೆ ಸ್ಟೇಷನ್ ಹತ್ರ ಕ್ಷೌರದ ಅಂಗಡಿ ಇತ್ತು ಕಣ್ರೀ. ಎರಡು ಕುರ್ಚಿ, ಒಂದು ಕನ್ನಡಿ. ಮೈಸೂರು ಕಡೆಯಿಂದ ಬಂದು ಹುಬ್ಬಳ್ಳಿ ಗಾಡಿಗೆ ಕಾಯೋರು ಅಲ್ಲೇ ಗಡ್ಡ ಮಾಡಿಸ್ಕೊಂಡು ಹೋಗೋರು, ಗಾಡಿ ಹೊತ್ತಾಗುತ್ತೆ ಬೇಗ ಮಾಡಪ್ಪ ಅಂತ ಅರ್ಜೆಂಟು ಮಾಡೋರ ಮುಖದ ಮೇಲೂ ಒಂದು ಗೆರೆ ರಕ್ತ ಬರ್ತಿರ್ಲಿಲ್ಲ. ಮಂಗಳವಾರ ಅಂಗಡಿ ರಜ. ಅವತ್ತು ಕತ್ತಿಗಳಿಗೆಲ್ಲ ಸ್ನಾನ, ಸಾಣೆ, ಎಣ್ಣೆ. ಚರ್ಮದ ಪಟ್ಟಿಯ ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ತುದಿ ಎಳೆದು ಹಿಡ್ಕೊಳ್ಳೋ ಕೆಲಸ ಹಿರೀ ಮಗಳು ಅಂತ ನಂದು. ಸಡಿಲ ಬಿಟ್ರೆ ತಲೆ ಮೇಲೆ ಮೊಟಕೋರು. ಪಟ್ಟಿ ಜೋಲು ಬಿದ್ರೆ ಕತ್ತಿ ಬಾಯಿ ದುಂಡಗಾಗುತ್ತೆ, ಮೊಂಡು ಕತ್ತೀನೇ ಕುಯ್ಯೋದು ಜಾಸ್ತಿ. ಯಾಕಂದ್ರೆ ಹರಿಯಲ್ಲ ಅಂತ ಒತ್ತುತೀರಿ, ಒತ್ತಿದಾಗ ಕೂದಲಿನ ಬದಲು ಚರ್ಮ ಸಿಗುತ್ತೆ. ಇಷ್ಟು ಸಣ್ಣ ವಿಷಯ ಈಗಿನೋರ ತಲೆಗೆ ಹೋಗಲ್ಲ, ಹೊಸ ಕತ್ತಿ ಅಂದ್ರೆ ಡಬ್ಬಿಯಿಂದ ತೆಗೆದ ತಕ್ಷಣ ಹರಿತ ಇರುತ್ತೆ ಅಂದ್ಕೊಂಡಿರ್ತಾರೆ. ಎಷ್ಟೋ ಕತ್ತಿ ಮೊದಲು ಸಾಣೆ ಕಾಣಬೇಕು, ಆಮೇಲೆ ಪ್ರತಿ ಸಲ ಗಡ್ಡಕ್ಕೆ ಮುಂಚೆ ಪಟ್ಟಿ ಮೇಲೆ ಐವತ್ತು ಅರವತ್ತು ಸಲ ಎಳೀಬೇಕು. ಎಳೆಯುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ಬೆನ್ನಿನ ಮೇಲೇ ಹೊರಳಿಸಿ ವಾಪಸ್. ಬಾಯಿ ಕಡೆಯಿಂದ ಹೊರಳಿಸಿದ್ರೋ, ಪಟ್ಟಿನೂ ಹೋಯ್ತು ಕತ್ತಿನೂ ಹೋಯ್ತು. ನಮ್ಮ ಹುಡುಗ ಜೀನ್ಸ್ ಪ್ಯಾಂಟಿಗೆ ಉಜ್ಜಿದ್ನಂತೆ!

ನೀರು, ಸೋಪಿನ ವಿಷಯ ಜಾಸ್ತಿ ಹೇಳಲ್ಲ, ಅಷ್ಟೂ ಗೊತ್ತಿಲ್ದೋರು ಕತ್ತಿ ಮುಟ್ಬೇಡಿ. ಸ್ನಾನ ಆದ್ಮೇಲೆ ಕೂತ್ಕೊಳಿ, ಇಲ್ಲ ಬಿಸಿನೀರಲ್ಲಿ ಅದ್ದಿದ ಟವಲ್ಲು ಒಂದೆರಡು ಮೂರು ನಿಮಿಷ ಮುಖದ ಮೇಲೆ ಇಟ್ಕೊಳಿ, ಕೂದಲು ನೀರು ಕುಡಿದು ಮೆತ್ತಗಾಗ್ಬೇಕು. ನೊರೆ ಡಬ್ಬಿಯಿಂದ ಬುಸ್ ಅಂತ ಬರೋದಲ್ಲ, ಬ್ರಶ್ಶಲ್ಲಿ ತಿರುಗಿಸಿ ತಿರುಗಿಸಿ ಇಡ್ಲಿ ಹಿಟ್ಟು ಹುದುಗಿ ಉಬ್ಬಿದ ಹಂಗೆ ಬರ್ಬೇಕು, ಗಟ್ಟಿನೂ ಇರ್ಬೇಕು, ಒದ್ದೆನೂ ಇರ್ಬೇಕು. ಮಧ್ಯ ಒಣಗಿದ್ರೆ ಇನ್ನೊಂದ್ಸಲ ಹಚ್ಚಿ, ಜಿಪುಣತನ ಮಾಡ್ಬೇಡಿ.

ಈಗ ಪಟಿಕದ ವಿಷಯಕ್ಕೆ ಬರ್ತೀನಿ. ಎಲ್ಲರೂ ಪಟಿಕ ತೆಗೆಯೋದು ಕುಯ್ಕೊಂಡ ಮೇಲೆ, ಉರೀತು ಅಂತ ಹಾ ಹೂ ಅನ್ನೋಕೆ. ಅಪ್ಪ ತೆಗೀತಿದ್ದಿದ್ದು ಕತ್ತಿ ಹಿಡಿಯೋಕ್ಕೆ ಮೊದಲು. ಗ್ರಂಧಿಗೆ ಅಂಗಡೀಲಿ ಪಟಿಕ ಅಂತ ಕೇಳಿದ್ರೆ ಕೊಡ್ತಾರೆ, ಕಲ್ಲುಸಕ್ಕರೆ ಥರ ಇರುತ್ತೆ, ಮಳೆಗಾಲದಲ್ಲಿ ಬಾವಿ ನೀರು ಕದಡಿದಾಗ ತಿಳಿ ಮಾಡೋಕ್ಕೆ ಹಾಕ್ತಿದ್ದಿದ್ದೂ ಅದೇ. ನೊರೆ ಹಚ್ಚಿ ಆದ್ಮೇಲೆ ಎಡಗೈ ಚೆನ್ನಾಗಿ ತೊಳೆದು, ಒದ್ದೆ ಪಟಿಕವನ್ನ ಹೆಬ್ಬೆಟ್ಟು, ತೋರುಬೆರಳು, ನಡುಬೆರಳು, ಈ ಮೂರರ ತುದಿಗೆ ಉಜ್ಜಬೇಕು. ಒರೆಸ್ಬೇಡಿ. ಗಾಳಿಗೆ ಹಿಡಿದು ಹತ್ತು ಎಣಿಸಿ. ಬೆರಳು ಬೆರಳು ಉಜ್ಜಿದ್ರೆ ಜಾರ್ದೆ ಹಿಡ್ಕೊಳ್ಳೋ ಹಂಗೆ, ಹಲಸಿನ ಹಣ್ಣು ಬಿಡಿಸಿದ ಕೈ ಇನ್ನೇನು ಒಣಗ್ತಿದೆ ಅನ್ನೋ ಹಂಗೆ ಆಗುತ್ತೆ. ಅದೇ ಹದ. ಈಗ ಸೋಪು ಹಚ್ಚಿದ ಕೆನ್ನೆ ಮೇಲೆ ಬೆರಳಿಟ್ರೂ ಜಾರಲ್ಲ. ಕುಯ್ಯೋದಕ್ಕೆಲ್ಲ ಕಾರಣ ಚರ್ಮ ಸಡಿಲ ಇರೋದು, ಸಡಿಲ ಚರ್ಮ ಕತ್ತಿ ಮುಂದೆ ಸುಕ್ಕಾಗಿ ನಿಲ್ಲುತ್ತೆ, ಕತ್ತಿ ಅದನ್ನ ಹತ್ತುತ್ತೆ, ಅಷ್ಟೇ.

ಎಲ್ಲೆಲ್ಲಿ ಎಳೀಬೇಕು ಅನ್ನೋದಕ್ಕೂ ಒಂದು ಕ್ರಮ ಇದೆ. ಕೆನ್ನೆಗೆ, ಕಿವಿ ಪಕ್ಕದಲ್ಲಿ ಬೆರಳಿಟ್ಟು ಮೇಲಕ್ಕೆ ಎಳೀರಿ, ಕತ್ತಿ ಕೆಳಕ್ಕೆ ಬರ್ಲಿ. ಕತ್ತಿ ಹೋಗೋ ದಿಕ್ಕಿಗೆ ಉಲ್ಟಾ ಎಳೆಯೋದು, ಇದು ಎಲ್ಲ ಕಡೆಗೂ ಅದೇ. ದವಡೆ ಮೂಳೆ ಮೇಲೆ ಕತ್ತಿ ಇಡ್ಲೇಬಾರ್ದು, ಅಲ್ಲಿ ಚರ್ಮದ ಕೆಳಗೆ ಬರೀ ಮೂಳೆ. ಅಲ್ಲಿಯ ಚರ್ಮವನ್ನ ಮೇಲಕ್ಕೆ ಎಳೆದು ಕೆನ್ನೆ ಮೇಲೆ ತಂದು ಅಲ್ಲಿ ಮಾಡಿ. ಅಪ್ಪ ಗಿರಾಕಿಗಳ ಮುಖವನ್ನ ಆ ಕಡೆ ಈ ಕಡೆ ತಿರುಗಿಸ್ತಿದ್ದಿದ್ದು ಸುಮ್ನೆ ಅಲ್ಲ. ಮೇಲ್ದುಟಿಗೆ, ತುಟಿಯನ್ನ ಹಲ್ಲಿನ ಮೇಲೆ ಬಿಗಿಯಾಗಿ ಕೆಳಕ್ಕೆ ಎಳ್ಕೊಳ್ಳಿ, ಮೂಗಿನ ತುದಿ ಒಂದು ಬೆರಳಲ್ಲಿ ಎತ್ತಿ. ಗಲ್ಲಕ್ಕೆ ಕೆಳತುಟಿ ಒಳಕ್ಕೆ ಮಡಚಿ. ಗಂಟಲ ಗಂಟಿನ ಮೇಲೆ ನೇರ ಕತ್ತಿ ಬಿಟ್ಟೋನು ಪೆದ್ದ, ಅಲ್ಲಿಯ ಚರ್ಮವನ್ನ ಪಕ್ಕಕ್ಕೆ ಎಳೆದು ಗಂಟಿನಿಂದ ಇಳಿಸಿ, ಸಪಾಟಾದ ಜಾಗಕ್ಕೆ ಬಂದ ಮೇಲೆ ಮಾಡಿ, ಆಮೇಲೆ ಇನ್ನೊಂದ್ ಪಕ್ಕಕ್ಕೆ. ಮಧ್ಯ ಮಧ್ಯ ಬೆರಳಿಗೆ ನೊರೆ ತಾಕಿ ಜಾರೋಕ್ಕೆ ಶುರುವಾದ್ರೆ ತೊಳೆದು ಮತ್ತೆ ಪಟಿಕ. ಬೇಜಾರು ಮಾಡ್ಕೋಬೇಡಿ, ಒಂದು ಗಡ್ಡಕ್ಕೆ ಅಪ್ಪ ನಾಕೈದು ಸಲ ಉಜ್ಜೋರು.

ಕತ್ತಿ ಹಿಡಿಯೋದು ಎಷ್ಟು ಓರೆ ಅಂತ ಕೇಳ್ತಾರೆ. ಕತ್ತಿಯನ್ನ ಮಲಗಿಸಿ ಬೆನ್ನು ಕೆನ್ನೆಗೆ ತಾಗಿಸಿ, ಅಲ್ಲಿಂದ ಬೆನ್ನಿನ ದಪ್ಪದಷ್ಟು, ಅಬ್ಬಬ್ಬಾ ಅಂದ್ರೆ ಅದರ ಎರಡರಷ್ಟು ಎತ್ತಿ, ಸಾಕು. ಒತ್ತೋದು ಬೇಡ, ಕತ್ತಿಯ ತೂಕವೇ ಕೆಲಸ ಮಾಡುತ್ತೆ. ಅಗಲವಾಗಿ ಎಳೆಯೋದಲ್ಲ, ಎರಡು ಬೆರಳಗಲ ಎಳೆದು ನಿಲ್ಸೋದು, ಮತ್ತೆ ಎರಡು ಬೆರಳು. ಮತ್ತೆ ಯಾವತ್ತೂ ಪಕ್ಕಕ್ಕೆ ಜಾರಿಸ್ಬಾರ್ದು, ಈರುಳ್ಳಿ ಹೆಚ್ಚೋದು ಹಂಗೇ ತಾನೇ? ಮುಂದಕ್ಕೆ ಹೋದ್ರೆ ಗಡ್ಡ ಹೋಗುತ್ತೆ, ಪಕ್ಕಕ್ಕೆ ಹೋದ್ರೆ ಕೆನ್ನೆ ಹೋಗುತ್ತೆ. ಮೊದಲ ಸಲ ಕೂದಲು ಮಲಗಿರೋ ಕಡೆಗೇ ಮಾಡಿ. ಕೆನ್ನೇಲಿ ಕೆಳಕ್ಕೆ ಮಲಗಿದ್ರೂ ಕೊರಳಲ್ಲಿ ಸುಳಿ ಥರ ಎಲ್ಲೆಲ್ಲೋ ತಿರುಗಿರುತ್ತೆ, ಒಣ ಗಡ್ಡದ ಮೇಲೆ ಕೈಯಾಡಿಸಿ ನೋಡ್ಕೊಳಿ. ಉಲ್ಟಾ ಹೊಡೆಯೋದು ಕಲ್ತ ಮೇಲೆ, ಅದೂ ಇನ್ನೊಂದ್ಸಲ ನೊರೆ ಹಚ್ಚಿ. ಕೈ ಕೂರೋವರೆಗೂ ಒಂದೆರಡು ತಿಂಗಳು ಬರೀ ಕೆನ್ನೆಗೆ ಕತ್ತಿ, ಉಳಿದಿದ್ದಕ್ಕೆ ಮಾಮೂಲಿ ರೇಜರ್ ಬಳಸಿದ್ರೆ ಮರ್ಯಾದೆ ಏನೂ ಹೋಗಲ್ಲ. ಮೊಡವೆ, ಮಚ್ಚೆ ಇದ್ರೆ ಬಳಸಿಕೊಂಡು ಹೋಗಿ.

ಆ ಹುಡುಗ ರಕ್ತ ಒರೆಸಿದ ಟವಲ್ಲನ್ನ ಅವನ ಹೆಂಡ್ತಿ ಬಿಸಿನೀರಿನ ಬಕೆಟ್ಟಿಗೆ ಹಾಕಿದ್ಲು, ಅದನ್ನೂ ಹೇಳ್ಬಿಡ್ತೀನಿ. ರಕ್ತದ ಕಲೆಗೆ ಬಿಸಿನೀರು ತೋರಿಸ್ಬಾರ್ದು, ಬೆಂದು ಬಟ್ಟೆಗೆ ಕೂತ್ಬಿಡುತ್ತೆ. ತಣ್ಣೀರಲ್ಲಿ ಚಿಟಿಕೆ ಉಪ್ಪು ಹಾಕಿ ನೆನೆಸಿ ಆಮೇಲೆ ಸೋಪು. ಹೆಣ್ಮಕ್ಕಳಿಗೆ ಇದನ್ನ ಹೇಳ್ಕೊಡ್ಬೇಕಾ?

ಕತ್ತಿ ಬಾತ್‌ರೂಮಲ್ಲಿ ಬಿಡ್ಬೇಡಿ. ಒರೆಸಿ, ಒಣಗಿಸಿ, ಒಂದು ತೊಟ್ಟು ಹೊಲಿಗೆ ಮಿಷನ್ ಎಣ್ಣೆ ಸವರಿ ಬೇರೆ ಕಡೆ ಇಡಿ. ತುಕ್ಕಿನ ಒಂದು ಚುಕ್ಕೆ ಬಾಯಿ ಮೇಲೆ ಕೂತ್ರೆ ಗರಗಸ ಆಯ್ತು ಅಂತ ಲೆಕ್ಕ. ಇನ್ನು, ಒಬ್ಬರ ಕತ್ತಿ ಇನ್ನೊಬ್ಬರು ಬಳಸ್ಬಾರ್ದು, ಗೆಳೆಯ ಆದ್ರೂ ಅಷ್ಟೇ, ಅಣ್ಣ ಆದ್ರೂ ಅಷ್ಟೇ, ಪಟಿಕಾನೂ ಅಷ್ಟೇ. ಹೆಪಟೈಟಿಸ್ ಬಿ ಥರದ್ದು ರಕ್ತದಿಂದ ಹರಡುತ್ತೆ. ನಮ್ಮಪ್ಪನ ಕಾಲದಲ್ಲಿ ಎಲ್ರಿಗೂ ಒಂದೇ ಕತ್ತಿ, ಮಧ್ಯ ಡೆಟಾಲ್ ನೀರಲ್ಲಿ ಅದ್ದಿದ್ರೆ ಅದೇ ದೊಡ್ಡದು, ಗೊತ್ತಿರ್ಲಿಲ್ಲ ಪಾಪ. 1986ರಲ್ಲಿ ಮದ್ರಾಸಲ್ಲಿ ಏಡ್ಸ್ ವೈರಸ್ ಪತ್ತೆ ಆದ ಸುದ್ದಿ ಬಂದು, ನಿಧಾನಕ್ಕೆ ಜನ ಹೊಸ ಬ್ಲೇಡ್ ಹಾಕಪ್ಪ ಅನ್ನೋಕ್ಕೆ ಶುರು ಮಾಡಿದ್ರು. ಅಪ್ಪನೂ ಬ್ಲೇಡು ಅರ್ಧ ಮುರಿದು ಹಾಕೋ ಕತ್ತಿಗೆ ಬಂದ್ರು. ಹಳೇ ಕತ್ತಿಗಳನ್ನ ಎಣ್ಣೆ ಬಟ್ಟೇಲಿ ಸುತ್ತಿ ಟ್ರಂಕಿಗೆ ಹಾಕಿದ ದಿನ ಊಟ ಸರಿಯಾಗಿ ಮಾಡ್ಲಿಲ್ಲ.

ಹಾರ್ಟಿಗೆ ಅಂತ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಈ ಆಟಕ್ಕೆ ಬರ್ಲೇಬೇಡಿ, ಸಣ್ಣ ಗೀರಿಗೂ ರಕ್ತ ಬೇಗ ನಿಲ್ಲಲ್ಲ. ನಮ್ಮ ಯಜಮಾನ್ರಿಗೆ ಮಾತ್ರೆ ಶುರುವಾದ ವಾರವೇ ನಾನು ಅವರ ಕತ್ತಿ ಬಚ್ಚಿಟ್ಟೆ, ಹದಿನೈದು ದಿನ ಮಾತಾಡ್ಲಿಲ್ಲ ಅವರು. ಇಷ್ಟೆಲ್ಲ ಮಾಡಿನೂ ಗೀರಿದ್ರೆ ಮೊದಲು ಶುದ್ಧವಾದ ಬಟ್ಟೆ ಒತ್ತಿ ಹಿಡೀರಿ, ಎರಡು ಮೂರು ನಿಮಿಷ, ಎತ್ತೆತ್ತಿ ನೋಡ್ಬಾರ್ದು. ಆಮೇಲೆ ತಣ್ಣೀರು, ಒದ್ದೆ ಪಟಿಕ. ಟಿಶ್ಯೂ ಅಂಟಿಸ್ಬೇಡಿ, ಕೀಳುವಾಗ ಮತ್ತೆ ಬಾಯಿ ಬಿಡುತ್ತೆ.

ಮೊಮ್ಮಗನಿಗೆ ಮೂರು ಭಾನುವಾರ ಪಕ್ಕದಲ್ಲಿ ಸ್ಟೂಲು ಹಾಕ್ಕೊಂಡು ಕೂತು ಹೇಳ್ಕೊಟ್ಟೆ, ಪಟಿಕ ನಾನೇ ಉಜ್ಜಿಕೊಟ್ಟೆ. ಮೊನ್ನೆ ದೋಸೆಗೆ ಬಂದಾಗ ಮುಖ ನುಣ್ಣಗಿತ್ತು, ಗಲ್ಲದ ಹತ್ರ ಒಂದೇ ಒಂದು ಗೀರು. ಇದೇನು ಅಂದೆ. ಮಧ್ಯ ಫೋನ್ ಬಂತು ಅಜ್ಜಿ, ತಗೊಂಡೆ ಅಂದ.